ಟೆಂಪ್ಲೇಟಿನ ಜೊತೆ ಬಂದ ನಂಬರು

ಮಾರ್ಚ್ ೧೧, ಮಂಗಳವಾರ.

ಅಕ್ಕ ನಡೆಸುವ ರಕ್ತದಾನಿಗಳ ಸಂಘದ ವೆಬ್‌ಸೈಟಿಗೆ ಬೆಳಿಗ್ಗೆ ಹೊಸ ಟೆಂಪ್ಲೇಟ್, ಅಂದರೆ ಸಿದ್ಧ ವಿನ್ಯಾಸ, ಹಾಕಿದೆ. ಬಣ್ಣ, ಫೋಟೊ ಎಲ್ಲ ಬದಲಿಸಿ ಬೀಗಿದೆ. ಪುಟದ ಅಡಿಯಲ್ಲಿ ಅದರ ಜೊತೆಗೇ ಬಂದಿದ್ದ ಮಾದರಿ ಫೋನ್ ನಂಬರು ಅಕ್ಕನ ನಂಬರಿನ ಜಾಗದಲ್ಲಿ ಹಾಗೆಯೇ ಉಳಿದದ್ದು ಕಣ್ಣಿಗೆ ಬೀಳಲಿಲ್ಲ.

ಮಧ್ಯಾಹ್ನ ಒಬ್ಬ ವಿಳಾಸ ಹುಡುಕಿಕೊಂಡು ಅಕ್ಕನ ಮನೆಗೇ ಓಡಿಬಂದನಂತೆ.

"ಅರ್ಧ ಗಂಟೆಯಿಂದ ಫೋನ್ ಮಾಡ್ತಿದೀನಿ, ಯಾರೂ ಎತ್ತಲ್ವಲ್ರೀ! ಹೆರಿಗೆ ಆಯ್ತು, ನನ್ನ ಹೆಂಡ್ತಿಗೆ ರಕ್ತ ನಿಲ್ತಿಲ್ಲ."

ಅಕ್ಕ ನಿಂತ ಕಾಲಲ್ಲೇ ಮೂವರು ದಾನಿಗಳನ್ನು ಹೊರಡಿಸಿದಳು. ಸಂಜೆ ಸುದ್ದಿ ಬಂತು: ಬಾಣಂತಿ ಉಳಿದಳು.

ಅಕ್ಕ ಬೈಯಲಿಲ್ಲ. "ನಂಬರ್ ಸರಿ ಮಾಡು ಪುಟ್ಟಾ" ಅಂದಳು, ಅಷ್ಟೇ. ಸರಿ ಮಾಡಿ, ಪುಟ ನೋಡಿಕೊಂಡೇ ಅಲ್ಲಿರುವ ನಂಬರಿಗೆ ಫೋನ್ ಮಾಡಿದೆ. ಅಕ್ಕ ಯಾರೆಂದು ನೋಡದೆ ಮೊದಲ ರಿಂಗಿಗೇ ಎತ್ತಿದಳು.

"ಹೇಳಿ, ಯಾವ ಗುಂಪಿನ ರಕ್ತ ಬೇಕು?"

ನಾನೇ ಅಕ್ಕಾ, ನಂಬರ್ ಸರಿಯಾಗಿದೆಯಾ ಅಂತ ನೋಡಿದೆ ಅಂದೆ.