ಡಾಕ್ಟರ ಲೆಕ್ಕ ತಪ್ಪಿಸಿದ ರಕ್ತ

ಪ್ರೀತಿಯ ತಮ್ಮಾ,

ಗಾಬರಿಯಾಗಬೇಡ, ಈ ಕಾರ್ಡನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಇಲ್ಲಿನ ಹೋಟೆಲಿಗೆ ಪರದೆ ಹೊಲಿಯಲು ಬಂದ ನಾನು ಎಡಗೈ ಬೆರಳಿಗೆ ಸೂಜಿ ಚುಚ್ಚಿ, ಕೀವಾಗಿ, ನಂಜು ರಕ್ತಕ್ಕೇರಿ ಆಸ್ಪತ್ರೆ ಸೇರಿದೆ. ಈಗ ಎದ್ದು ಕೂತಿದ್ದೇನೆ.

ನಿನ್ನೆ ಒಬ್ಬ ಡಾಕ್ಟರು ಬಂದು ನನ್ನನ್ನೇ ಮಿಕಮಿಕ ನೋಡುತ್ತ ನಿಂತರು. ನಂಜೇರಿದವರಲ್ಲಿ ಯಾರು ಉಳಿಯುತ್ತಾರೆಂದು ರಕ್ತದ ಕೆಲವು ಅಂಶಗಳನ್ನು ಅಳೆದು ಮೊದಲೇ ಹೇಳುವ ಸಂಶೋಧನೆ ಅವರದು.

"ನನ್ನ ರಕ್ತ ಏನಂತು?" ಎಂದೆ.

ಅವರು ತಲೆ ಕೆರೆದುಕೊಂಡರು. "ನೀವು ಉಳಿಯಲ್ಲ ಅಂತಲೇ ಹೇಳಿತ್ತಮ್ಮ. ಮಿಕ್ಕವರ ಲೆಕ್ಕ ಎಲ್ಲಾ ಸರಿಹೋಯ್ತು, ನಿಮ್ಮದೊಂದೇ ಕೈಕೊಟ್ಟಿದ್ದು."

ಪಾಪ, ಮುಖ ಸಪ್ಪಗಾಗಿತ್ತು. "ಬೇಜಾರು ಮಾಡ್ಕೋಬೇಡಿ, ಬೇಕೂಂತ ಮಾಡಿದ್ದಲ್ಲ," ಎಂದು ನಾನೇ ಸಮಾಧಾನ ಹೇಳಬೇಕಾಯಿತು.

ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಹೊಲಿಗೆ ಮಾತ್ರ ಸದ್ಯಕ್ಕೆ ಬೇಡವಂತೆ. ಭಾನುವಾರ ಬಂದು ಕರೆದುಕೊಂಡು ಹೋಗು. "ನಮ್ಮಕ್ಕ ಹುಟ್ಟಿದಾಗಿಂದ ಯಾರ ಮಾತೂ ಕೇಳಿದವಳಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲ, ಅದನ್ನು ಈ ಡಾಕ್ಟರಿಗೂ ಒಮ್ಮೆ ಹೇಳಿಬಿಡು. ತಪ್ಪು ತಮ್ಮ ಲೆಕ್ಕದ್ದಲ್ಲ ಎಂದು ನೆಮ್ಮದಿಯಾಗಿ ನಿದ್ದೆ ಮಾಡಲಿ.

ಇನ್ನಷ್ಟು ರಕ್ತ ಕೇಳಲು ಅಗೋ ಬಂದೇಬಿಟ್ಟರು, ನಿಲ್ಲಿಸುತ್ತೇನೆ.

ಇನ್ನೂ ಇರುವ ನಿನ್ನ ಅಕ್ಕ