ಕೋಡಿ ಹರಿಯದ ಕೆರೆ

ಮುಳಬಾಗಿಲು,
೨೪ ಅಕ್ಟೋಬರ್ ೨೦೦೭, ಬುಧವಾರ

ಚಿರಂಜೀವಿ ಕಿಟ್ಟುವಿಗೆ ನಿನ್ನ ಅಕ್ಕ ಅನಂತಲಕ್ಷ್ಮಿಯ ಆಶೀರ್ವಾದ.

ಹೇಗಿದ್ದೀಯಪ್ಪಾ? ಧಾರವಾಡದಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲವಂತೆ, ನಿನ್ನ ಉಬ್ಬಸ ಎಷ್ಟು ಕಾಡುತ್ತಿದೆಯೋ ಏನೋ. ರಾತ್ರಿ ಹೊತ್ತು ಮೊಸರು ತಿನ್ನಬೇಡ ಎಂದು ನಾನು ಹೇಳುವುದು, ನೀನು ಹೂಂ ಎನ್ನುವುದು, ಆಮೇಲೆ ತಿನ್ನುವುದು, ಇದು ನೀನು ಸ್ಲೇಟು ಹಿಡಿದ ಕಾಲದಿಂದ ನಡೆದು ಬಂದದ್ದು. ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿದೆ ಎಂದು ತಿಳಿದು ಸಂತೋಷವಾಯಿತು. ನಿನ್ನ ಭಾವ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೊರಟಿದ್ದಾರೆ, ಅಲ್ಲಿಂದ ನಿನ್ನ ರೂಮಿಗೇ ಬಂದು ಈ ಪತ್ರವನ್ನೂ ಹುರುಳಿ ಚಟ್ನಿಪುಡಿಯನ್ನೂ ಕೊಡುತ್ತಾರೆ. ಫೋನು ಮಾಡಬಾರದಿತ್ತೇ ಎಂದು ಮಾತ್ರ ಕೇಳಬೇಡ. ಹೋದ ವಾರ ಮಾಡಿದಾಗ ನನಗೆ ಎರಡು ಮಾತು ಆಡಲೂ ಬಿಡದೆ "ಅಕ್ಕಾ, ಇಂಟರ್‌ನೆಟ್‌ನಲ್ಲಿದೆ, ಪೇಪರಲ್ಲೂ ಬಂದಿದೆ, ನಿನಗ್ಯಾಕೆ ಇದೆಲ್ಲಾ" ಎಂದು ಇಟ್ಟುಬಿಟ್ಟೆ. ಆಮೇಲೆ ನನ್ನ ನಂಬರು ಕಂಡರೆ ಎತ್ತುವುದೇ ಇಲ್ಲ. ಪತ್ರವನ್ನಾದರೆ ಅರ್ಧಕ್ಕೆ ಇಡಲಾರೆ, ಭಾವ ಎದುರಿಗೆ ಕೂತಿರುತ್ತಾರೆ.

ವಿಷಯ ಅದೇ. ನಮ್ಮ ಮುತ್ಯಾಲಕುಂಟೆಯ ದೊಡ್ಡಕೆರೆಯ ಕೆಳಗೆ ಟ್ರಸ್ಟಿನವರು ವಸತಿ ಶಾಲೆ ಕಟ್ಟಿದ್ದಾರಲ್ಲ, ಅದಕ್ಕೆ ನೀನು ಬರೆದುಕೊಟ್ಟ ವರದಿಯನ್ನು ಟ್ರಸ್ಟಿನ ಚನ್ನರಾಯಪ್ಪ ಹಾಲಿನ ಡೇರಿ ಮುಂದೆ ಊರಿಗೆಲ್ಲ ಓದಿ ಹೇಳಿದರು. ಊರ ದೇವರ ಪೂಜೆಯ ಸರದಿ ನಮ್ಮದಾಗಿತ್ತು, ಅದಕ್ಕೆ ಹೋಗಿದ್ದ ನಾನೂ ಅಲ್ಲಿದ್ದೆ. ಕೆರೆಯ ಸಂಶೋಧನೆ ಮಾಡುವವನು, ಅದೂ ನಮ್ಮ ಪೂಜಾರಪ್ಪನವರ ಮಗ ಎಂದು ಜನ ಹಾಲಿನ ಕ್ಯಾನು ಕೆಳಗಿಟ್ಟು ಕೇಳಿದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಆ ಸಾಲು ಬಂತು: ಈ ಕೆರೆ ಕಳೆದ ನೂರು ವರ್ಷಗಳಲ್ಲಿ ಒಮ್ಮೆಯೂ ಕೋಡಿ ಹರಿದಿಲ್ಲ, ಆದ್ದರಿಂದ ಕೋಡಿಯ ಕೆಳಗಿನ ಬಯಲು ಕಟ್ಟಡಕ್ಕೆ ಯೋಗ್ಯ.

ನಿನಗೆ ಆಂಜಿನಮ್ಮ ನೆನಪಿರಬೇಕು, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು. ಅವಳೊಬ್ಬಳು ಕೇಳಿದಳು. "ಚೂಡಪ್ಪಾ, ಇಲ್ನೋಡು, ಕೋಡಿ ಹೋಗ್ಲೇ ಇಲ್ಲಾಂದ್ರೆ ನನ್ ಮಗ್ಳಿಗೆ ಕೋಡೆಮ್ಮ ಅಂತ ಯಾಕಿಟ್ವಿ?" ಐದು ವರ್ಷಕ್ಕೇ ಊರು ಬಿಟ್ಟು ಮುಳಬಾಗಿಲಿಗೆ ಬಂದವನು ನೀನು, ನಿನಗೆ ಗೊತ್ತಿಲ್ಲದಿರಬಹುದು, ಅದಕ್ಕೇ ಬರೆಯುತ್ತೇನೆ. ನಮ್ಮೂರಲ್ಲಿ ಕೆರೆ ಕೋಡಿ ಬಿದ್ದ ದಿನ ಹೆಂಗಸರು ಬಾಗಿನ ಬಿಡುತ್ತಾರೆ, ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಏನೇ ಹೆಸರಿರಲಿ ಮನೆಯಲ್ಲಿ ಕೋಡೆಮ್ಮ ಎಂದೇ ಕರೆಯುತ್ತಾರೆ. ಆಂಜಿನಮ್ಮನ ಮಗಳು ತ್ರಿವೇಣಿಯೇ ಕೊನೆಯ ಕೋಡೆಮ್ಮ, ನಿನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ನೀನಾಗ ಅಂಬೆಗಾಲಿಡುತ್ತಿದ್ದೆ. ಅಪ್ಪ ನಮ್ಮನ್ನು ದೇವಸ್ಥಾನದ ಜಗಲಿಯ ಮೇಲೆ ನಿಲ್ಲಿಸಿದ್ದರು. ಈಗ ಹಾಸ್ಟೆಲ್ಲಿರುವ ಜಾಗದಲ್ಲಿ ನೀರು ಕೆಂಪಗೆ ಹರಿಯಿತು, ಅದರ ಸದ್ದಿಗೆ ನೀನು ಅತ್ತೆ. ಅದಕ್ಕೂ ಹಿಂದಿನ ಕೋಡೆಮ್ಮಂದಿರು ಊರಲ್ಲಿ ಇನ್ನೂ ನಾಲ್ಕೈದು ಜನ ಇದ್ದಾರೆ, ಕೆಲವರಿಗೆ ಹಲ್ಲಿಲ್ಲ.

ಚನ್ನರಾಯಪ್ಪ ಕೋಪ ಮಾಡಿಕೊಳ್ಳಲಿಲ್ಲ, ನಕ್ಕರು. "ಅವ್ವಾ, ನಿಮ್ ಕಿಟ್ಟಪ್ಪನೇ ಬರ್ದವ್ನೆ, ಓದ್ದೋನು. ನಿಮ್ಗೆ ವಯಸ್ಸಾತು, ಪಕ್ಕದೂರ ಕೆರೆ ನೋಡಿರ್ತೀರ ಬಿಡಿ" ಎಂದರು. ನಾನು ಎದ್ದು ಜಗಲಿಯ ಮಾತು ಹೇಳಿದೆ. ತಮ್ಮನಿಗಿಂತ ಹೆಚ್ಚು ಓದಿದ್ದೀರಾ ಅನಂತಮ್ಮಾ ಎಂದು ನನಗೂ ನಗುನಗುತ್ತಲೇ ಕೇಳಿದರು. ಕಿಟ್ಟೂ, ನನಗೆ ಭಯವಾದದ್ದು ಅವರ ನಗುವಿಗಲ್ಲ. ಬಾಗಿನ ಬಿಟ್ಟ ಹೆಂಗಸರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದೇನೋ, ಅದು ಪಕ್ಕದೂರ ಕೆರೆಯೇ ಇದ್ದೀತೇನೋ ಎನ್ನತೊಡಗಿದರು. ಕಣ್ಣಾರೆ ಕಂಡದ್ದನ್ನು ಅವರು ನಿನ್ನ ಮಾತಿಗಾಗಿ ಬಿಟ್ಟುಕೊಟ್ಟರು.

ವರದಿಯ ಒಂದು ಪ್ರತಿ ಇಸಿದುಕೊಂಡು ಮನೆಗೆ ಬಂದು ಓದಿದೆ. ಅಯ್ಯಾ ಮಹಾರಾಯ, ನೀನು ಹುಟ್ಟಿದ ಊರನ್ನು ಶ್ರೀನಿವಾಸಪುರ ತಾಲ್ಲೂಕಿಗೆ ಯಾವಾಗ ಸೇರಿಸಿದೆ? ತಾಯಲೂರು ಹೋಬಳಿ, ಮುಳಬಾಗಿಲು ತಾಲ್ಲೂಕು ಎಂದು ನಿನ್ನ ಕೈಹಿಡಿದು ವಿಳಾಸ ಬರೆಯಿಸಿದವಳು ನಾನು. ನೀನು ಇಷ್ಟು ದಡ್ಡನಲ್ಲ, ಇದನ್ನು ಎಲ್ಲಿಂದಲೋ ಹಾಗೇ ಇಳಿಸಿಕೊಂಡಿದ್ದೀಯ ಎಂದು ಆಗಲೇ ಹೊಳೆಯಿತು. ಬಸ್‌ಸ್ಟ್ಯಾಂಡಿನ ಎದುರು ಸುರೇಶ್ ಸೈಬರ್ ಸೆಂಟರ್ ಇಟ್ಟಿದ್ದಾನೆ, ಅಲ್ಲಿಗೆ ಹೋಗಿ ನೀನು ಫೋನಿನಲ್ಲಿ ಹೇಳಿದ ಇಂಟರ್‌ನೆಟ್ಟಿನ ಆ ವಿಶ್ವಕೋಶವನ್ನು ತೆಗೆಸಿದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎನ್ನುವುದನ್ನು ಸುರೇಶ್ ಬಹಳ ಅಭಿಮಾನದಿಂದ ಹೇಳಿದ. ನಮ್ಮೂರ ಪುಟದಲ್ಲಿ ಶ್ರೀನಿವಾಸಪುರವೂ ಇತ್ತು, ನೂರು ವರ್ಷವೂ ಇತ್ತು. ಕೆಳಗೆ ಆಧಾರ ಎಂದು ಪತ್ರಿಕೆಯೊಂದರ ಪುರವಣಿಯ ಹೆಸರು.

ಆ ಪುಟದಲ್ಲಿ ಹಿಂದೆ ಯಾರು ಯಾವಾಗ ಏನು ತಿದ್ದಿದರು ಎಂಬುದೂ ಸಿಗುತ್ತದೆ. ನೀನು ಅದನ್ನು ಒತ್ತಿ ನೋಡಿಲ್ಲ, ನಾನು ನೋಡಿದೆ. ಕೋಡಿಯ ಸಾಲನ್ನು ಹೋದ ವರ್ಷ ಬೇಸಿಗೆಯಲ್ಲಿ ಯಾರೋ ಸೇರಿಸಿದ್ದಾರೆ, ಆಗ ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಮಳೆಗಾಲದಲ್ಲಿ ಪುರವಣಿಯವರು ಅದನ್ನು ತಾಲ್ಲೂಕಿನ ತಪ್ಪಿನ ಸಮೇತ ಅಚ್ಚು ಹಾಕಿದ್ದಾರೆ. ಆಮೇಲೆ ಅದೇ ಪುರವಣಿಯನ್ನು ತಂದು ಆ ಸಾಲಿಗೆ ಆಧಾರವೆಂದು ಅಂಟಿಸಿದ್ದಾರೆ. ಎರಡು ಕಡೆ ಇದೆ ಎಂದು ನೀನು ನಂಬಿದೆ, ಎರಡು ಕಡೆಯೂ ಮಾತಾಡಿದ್ದು ಒಂದೇ ಬಾಯಿ ಕಣೋ. ಆ ಸಾಲು ಬರೆದವರು ಬೇರೆ ಯಾವ ಪುಟದಲ್ಲೂ ಒಂದಕ್ಷರ ಬರೆದಿಲ್ಲ. ಟ್ರಸ್ಟು ಆ ಬಯಲನ್ನು ಕೊಂಡದ್ದೂ ಅದೇ ಬೇಸಿಗೆಯಲ್ಲಿ. ಯಾರ ಮೇಲೂ ನಾನು ಬೆರಳು ತೋರಿಸುವುದಿಲ್ಲ, ಆದರೆ ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಸುರೇಶನಿಂದ ತಿದ್ದಿಸಿಯೂ ನೋಡಿದೆ. ಕೋಡಿ ಬಿದ್ದಿತ್ತು, ಕಂಡವರು ಇದ್ದಾರೆ ಎಂದು ಬರೆಸಿದೆ. ಮರುದಿನ ಹೋದರೆ ಅಳಿಸಿಹೋಗಿತ್ತು, ಎಲ್ಲಿ ಪ್ರಕಟವಾಗಿದೆ ತೋರಿಸಿ ಎಂಬ ಪ್ರಶ್ನೆ ಕೂತಿತ್ತು. ಅವರದೂ ತಪ್ಪಲ್ಲ ಬಿಡು, ಬಂದವರೆಲ್ಲ ಕಂಡದ್ದು ಕೇಳಿದ್ದು ಬರೆದರೆ ವಿಶ್ವಕೋಶ ಸಂತೆಯಾಗುತ್ತದೆ. ಆ ವಿಶ್ವಕೋಶವನ್ನು ಮುಟ್ಟಲೇಬೇಡ ಎನ್ನುವವಳೂ ನಾನಲ್ಲ. ಗ್ರಹಣದ ಬಗ್ಗೆ, ನಿನ್ನ ಉಬ್ಬಸದ ಬಗ್ಗೆ ಅಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದಾರೆ, ನೂರಾರು ಜನ ಓದಿ ತಿಕ್ಕಿ ತೊಳೆದಿದ್ದಾರೆ. ನಮ್ಮೂರ ಕೆರೆಯ ಪುಟವನ್ನು ಓದುವವರು ಯಾರು? ತಪ್ಪಾಗಿದ್ದರೆ ಕೂಗಿ ಹೇಳಬೇಕಾದವರು ಕಂಪ್ಯೂಟರನ್ನೇ ಕಂಡಿಲ್ಲ, ಕಂಡ ನೀನು ಕೇಳಲಿಲ್ಲ. ದಾರಿ ಹುಡುಕಲು ಆ ಪುಟ ನೋಡು, ಆದರೆ ಹೋಗಿ ತಲುಪಬೇಕಾದದ್ದು ಊರಿಗೆ. ನಿನ್ನೆ ಸುರೇಶ್ ಮತ್ತೆ ಕರೆದು ತೋರಿಸಿದ. ಆ ಸಾಲಿಗೆ ಈಗ ಹೊಸದೊಂದು ಆಧಾರ ಬಂದಿದೆ, ಡಾಕ್ಟರೇಟ್ ಸಂಶೋಧಕ ಶ್ರೀಕೃಷ್ಣರ ವರದಿ ಎಂದು. ಇನ್ನು ಅದನ್ನು ಅಳಿಸಲು ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ?

ನೀನು ಒಳ್ಳೆಯವನು, ಅವಸರದವನು. ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ, ಪ್ರೀತಿ ಒಂದು ಚೂರೂ ಕಡಿಮೆಯಾಗಿಲ್ಲ. ಹಾಸ್ಟೆಲ್ಲಿಗೆ ಸುಣ್ಣ ಬಳಿದಾಗಿದೆ, ದಸರಾ ರಜೆ ಮುಗಿಸಿ ಸೋಮವಾರ ಮಕ್ಕಳು ಬರುತ್ತಾರೆ, ಒಂದನೇ ಕ್ಲಾಸಿನ ಮಕ್ಕಳಿಗೆ ನೆಲಮಹಡಿಯಂತೆ. ನನ್ನ ವರದಿ ತಪ್ಪು, ಮಕ್ಕಳನ್ನು ಅಲ್ಲಿ ಇಡಬೇಡಿ ಎಂದು ನಿನ್ನ ಸಹಿ ಹಾಕಿ ಟ್ರಸ್ಟಿಗೂ ತಹಸೀಲ್ದಾರರಿಗೂ ಬರೆದು ಭಾವನ ಕೈಯಲ್ಲೇ ಕೊಡು. ನನ್ನ ಮಾತು ಯಾರೂ ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾರೆ. ತಪ್ಪೊಪ್ಪಿಕೊಂಡದ್ದಕ್ಕೆ ನಿನ್ನ ಡಾಕ್ಟರೇಟ್ ಪದವಿ ಒಂದು ವರ್ಷ ತಡವಾದರೆ ಆಗಲಿ. ಸ್ವೆಟರ್ ಹಾಕಿಕೋ. ಅಪ್ಪ ಪೂಜಿಸಿದ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಅನಂತಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಭಾವ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದಾರೆ. ಊರಿಂದ ಹಾಲಿನ ಗಾಡಿಯವನು ಬಂದಿದ್ದ. ಮೇಲಿನ ಕೆರೆಗಳೆಲ್ಲ ತುಂಬಿ ನಮ್ಮ ಕೆರೆಗೆ ಇಳಿಯುತ್ತಿವೆಯಂತೆ, ಒಳಗಿನ ಜಾಲಿ ಗಿಡಗಳ ತುದಿಯೂ ಈಗ ಕಾಣುತ್ತಿಲ್ಲ, ಕೋಡಿಕಲ್ಲಿಗೆ ಇನ್ನು ಎರಡು ಗೇಣು ಇದೆಯಂತೆ. ಇಲ್ಲೂ ಹನಿಯುತ್ತಿದೆ. ಹೆರಿಗೆಗೆ ಬಂದಿದ್ದ ತ್ರಿವೇಣಿಗೆ ಬೆಳಿಗ್ಗೆ ಹೆಣ್ಣು ಮಗು ಆಯಿತು, ಇಬ್ಬರೂ ಚೆನ್ನಾಗಿದ್ದಾರೆ. ಅವಳ ಗಂಡ ಏನೋ ಹೊಸ ಹೆಸರು ಆರಿಸಿಕೊಂಡು ಬಂದಿದ್ದನಂತೆ. ಆಂಜಿನಮ್ಮ ಬೇಡ ಎಂದಳಂತೆ, ಸೋಮವಾರದವರೆಗೆ ಮಗುವನ್ನು ಯಾವ ಹೆಸರಿನಿಂದಲೂ ಕರೆಯಬೇಡಿ ಎಂದಳಂತೆ.