ಏಳುನೂರಾ ನಲವತ್ತು ಮಾವಿನ ಗಿಡಗಳನ್ನು ಸುಡುವ ಮುನ್ನ

ಗಿಡಗಳ ಆರೋಗ್ಯಕ್ಕೆ ಪ್ರಮಾಣಪತ್ರವನ್ನೂ ಅವುಗಳ ಕೊರಳಿಗೆ ಲೇಬಲನ್ನೂ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಕಲಘಟಗಿ ತಾಲೂಕಿನ ತಂಬೂರಿನಲ್ಲಿ ನಾವು ಆರು ಮಂದಿ ಹೆಂಗಸರು ಸೇರಿ ನಡೆಸುವ ನರ್ಸರಿಯ ಏಳುನೂರಾ ನಲವತ್ತು ಮಾವಿನ ಕಸಿ ಗಿಡಗಳನ್ನು ಹದಿನೈದು ದಿನಗಳೊಳಗೆ, ಪಂಚರ ಸಮಕ್ಷಮ, ನಮ್ಮ ಕೈಯಾರೆ ಕಿತ್ತು ಸುಡಬೇಕೆಂಬ ತಮ್ಮ ನೋಟಿಸು ತಲುಪಿದೆ. ಗಿಡಗಳು ಮಾಡಿದ ಅಪರಾಧವೇನೆಂದು ತಿಳಿಯಲು ಅದನ್ನು ಮೂರು ಸಲ ಓದಿದೆ. ರೋಗ ಬಂದಿದೆಯೇ? ಹಾಗೆಂದು ನೋಟಿಸಿನಲ್ಲಿ ಇಲ್ಲ. ಹುಳ ಬಿದ್ದಿದೆಯೇ? ಅದೂ ಇಲ್ಲ. “ತಳಿ ಮತ್ತು ಮೂಲವನ್ನು ಗುರುತಿಸಲು ಅಂಗೀಕೃತ ಆಧಾರವಿಲ್ಲದ ಸಸ್ಯಗಳು” ಎಂಬುದಷ್ಟೇ ಆರೋಪ. ಅಂದರೆ ಗಿಡಗಳು ಗಟ್ಟಿಮುಟ್ಟಾಗಿವೆ, ತಾವು ಯಾರೆಂದು ಸಾಬೀತು ಮಾಡಲು ಮಾತ್ರ ಅವುಗಳ ಕೈಯಲ್ಲಿ ಕಾಗದವಿಲ್ಲ. ಈ ತಪ್ಪಿಗೆ ಸುಡುವ ಶಿಕ್ಷೆ ಎಂದಾದರೆ, ಸರ್ಕಾರಿ ಕಚೇರಿಗಳ ವರಾಂಡದಲ್ಲಿ ದಿನವೂ ಕಾಯುತ್ತ ನಿಲ್ಲುವ ಜನರಲ್ಲಿ ಅರ್ಧಕ್ಕರ್ಧ ಮಂದಿ ಉಳಿಯಲಾರರು.

ನಾನು ಇಪ್ಪತ್ತೆರಡು ವರ್ಷ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಇಂಥ ನೋಟಿಸುಗಳನ್ನು ಸಾವಿರಗಟ್ಟಲೆ ಬಡಿದಿದ್ದೇನೆ. ‘ತಪ್ಪಿದಲ್ಲಿ’ ಎಂಬ ಪದ ಎಷ್ಟನೆಯ ಸಾಲಿಗೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈಗ ಅದೇ ಪುಣ್ಯದಿಂದ ನರ್ಸರಿಯ ಕಾಗದಪತ್ರ ನನ್ನ ಪಾಲಿಗೆ ಬಂದಿದೆ. ಕಸಿ ಕಟ್ಟುವವಳು ಮೈಲಾರವ್ವ. ಕುರಿ ಕಾಯುತ್ತ ಬೆಳೆದವಳು, ಅರವತ್ತು ದಾಟಿದೆ, ಶಾಲೆಯ ಒಳಗೆ ಕಾಲಿಟ್ಟವಳಲ್ಲ. ನಮ್ಮಲ್ಲಿ ಕಸಿಗೆ ಕಡ್ಡಿ ಕೊಡುವ ತಾಯಿಮರಗಳು ನಾಲ್ಕು. ಯಾವ ಗಿಡ ಯಾವ ಮರದ್ದೆಂದು ನೆನಪಿಡಲು ಮೈಲಾರವ್ವ ತನ್ನದೇ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಕಲಘಟಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಾಜಮೀನ್, ಕುಬಸ ಹೊಲಿದು ಉಳಿದ ಖಣದ ಚೂರುಗಳನ್ನು ಚೀಲದಲ್ಲಿ ತುಂಬಿ ಕೊಡುತ್ತಾಳೆ. ಬಾವಿಕಟ್ಟಿಯ ಮರದ ಗಿಡಕ್ಕೆ ಹಸಿರು ಖಣ, ಗುಡ್ಡದ ಮರದ್ದಕ್ಕೆ ಕೆಂಪು, ಮಠದ ಹಿಂದಿನ ಮರದ್ದಕ್ಕೆ ನೀಲಿ, ಕೆರೆಯಂಚಿನದಕ್ಕೆ ಹಳದಿ. ಕಸಿ ಹತ್ತಿದ ದಿನ ಗಿಡಕ್ಕೊಂದು ಚೂರು ಕಟ್ಟುವಳು. ಒಂಬತ್ತು ವರ್ಷ ಹೀಗೆಯೇ ನಡೆಯಿತು, ಒಂದು ಗಿಡದ ಬಗ್ಗೆಯೂ ತಕರಾರು ಬರಲಿಲ್ಲ.

ಈ ಸಂಕ್ರಾಂತಿ ಮುಗಿದ ವಾರದಲ್ಲಿ ತಮ್ಮ ತಪಾಸಕರು ಬಂದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು, ಅವರ ಮೇಲೆ ನನಗೆ ಸಿಟ್ಟಿಲ್ಲ. ಖಣದ ಚೂರುಗಳನ್ನು ನೋಡಿ ನಕ್ಕರು. “ಅವ್ವಾರ, ಅರಿವಿ ತುಂಡು ಲೇಬಲ್ ಆಗೂದಿಲ್ರಿ. ಮೊದಲ ಇವನ್ನೆಲ್ಲಾ ತಗೀರಿ, ಕಚೇರಿಯಿಂದ ಅಧಿಕೃತ ಲೇಬಲ್ ಕಳಸ್ತೀವಿ” ಅಂದರು. ಬುದ್ಧಿಯಿದ್ದವರು ಏನು ಮಾಡುತ್ತಿದ್ದರು? ಹೂಂ ಎಂದು ತಲೆಯಾಡಿಸಿ, ಲೇಬಲ್ ಕೈಗೆ ಬರುವವರೆಗೆ ಸುಮ್ಮನಿರುತ್ತಿದ್ದರು. ಆದರೆ ಬಾಗಿಲಿಗೆ ಬಂದ ಸಾಹೇಬರ ಮಾತನ್ನು ಅವರು ಎದ್ದು ಹೋಗುವುದರೊಳಗೆ ನಡೆಸಿಕೊಡದಿದ್ದರೆ ನಮ್ಮ ಊರಲ್ಲಿ ಮರ್ಯಾದೆ ಕಡಿಮೆಯಾಯಿತೆಂದು ಲೆಕ್ಕ. ಅವರಿಗೆ ಚಹಾ ಇಟ್ಟು, ಆರೂ ಮಂದಿ ಸಾಲಿಗಿಳಿದೆವು. ಅವರು ಚಹಾ ಕುಡಿದು, ಅವಲಕ್ಕಿ ತಿಂದು, ಎರಡನೆಯ ಚಹಾ ಮುಗಿಸುವಷ್ಟರಲ್ಲಿ ಏಳುನೂರಾ ನಲವತ್ತೂ ಗಿಡಗಳನ್ನು ಬರಿಗೊರಳು ಮಾಡಿ ನಿಲ್ಲಿಸಿದ್ದೆವು. ಖಣವನ್ನು ಕಾಲ ಕೆಳಗೆ ಬಿಡಬಾರದು ಅಂತ ಮೈಲಾರವ್ವ ಎಲ್ಲ ಬಣ್ಣವನ್ನೂ ಒಂದೇ ಗಂಟು ಕಟ್ಟಿ ದ್ಯಾಮವ್ವನ ಗುಡಿಯ ಬೇವಿನ ಮರಕ್ಕೆ ಏರಿಸಿ ಬಂದಳು. ನಾನೂ ನಿಂತು ನೋಡಿದೆ. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಸವೆದವಳಿಗೂ ‘ಕಳಸ್ತೀವಿ’ ಅಂದರೆ ಯಾವಾಗ ಎಂದು ಕೇಳಬೇಕೆನ್ನುವುದು ಹೊಳೆಯಲಿಲ್ಲ. ಇದು ನಮ್ಮದೇ ಮೂರ್ಖತನ, ಒಪ್ಪಿಕೊಳ್ಳುತ್ತೇನೆ.

ಲೇಬಲ್ಲುಗಳು ಬಂದದ್ದು ಎರಡು ತಿಂಗಳು ಬಿಟ್ಟು. ಚೆಂದದ ಲೇಬಲ್ಲುಗಳು. ತಳಿ, ತಾಯಿಮರ, ಕಸಿ ಕಟ್ಟಿದ ದಿನ, ತಂಡದ ಸಂಖ್ಯೆ, ಪರವಾನಗಿ ಸಂಖ್ಯೆ, ಎಲ್ಲಕ್ಕೂ ಒಂದೊಂದು ಖಾಲಿ ಮನೆ. ತುಂಬುವುದು ಹೇಗೆ? ಅಷ್ಟರಲ್ಲಿ ಗಿಡಗಳನ್ನು ನೀರಿಗೂ ನೆರಳಿಗೂ ಅನುಕೂಲವಾಗಲೆಂದು ಎರಡು ಸಲ ಜಾಗ ಬದಲಿಸಿದ್ದೆವು. ಎಲ್ಲವೂ ಒಂದೇ ಹಸಿರು, ಒಂದೇ ಎತ್ತರ. ನಾನು ಲೇಬಲ್ಲಿನ ಕಟ್ಟು ಹಿಡಿದು ಅಳುಮೋರೆ ಮಾಡಿ ಕೂತಾಗ ಮೈಲಾರವ್ವ, “ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನಾ ಹೇಳ್ಕೋತ ಹೋಗ್ತೀನಿ, ನೀವು ಬರ್ಕೋತ ಬರ್ರಿ” ಅಂದಳು. ಒಂದೊಂದು ಗಿಡದ ಎಲೆಯ ತುದಿ ಚಿವುಟಿ, ಬೆರಳಲ್ಲಿ ತಿಕ್ಕಿ, ಮೂಸಿ, ಮರದ ಹೆಸರು ಹೇಳುತ್ತ ನಡೆದಳು. ಮೂರು ದಿನ ಹಿಡಿಯಿತು. ಏಳುನೂರಾ ನಲವತ್ತೂ ಬರೆದೆ.

ಪರಿಶೀಲನೆಗೆ ಬಂದ ತಪಾಸಕರು ಯಾವ ಆಧಾರದ ಮೇಲೆ ತುಂಬಿದಿರಿ ಎಂದು ಕೇಳಿದರು. ಮೂಸಿ ಎಂದೆವು. ಅವರಿಗೆ ನಂಬಿಕೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ತಾವೇ ನಾಲ್ಕೂ ತಾಯಿಮರಗಳ ಹತ್ತಿರ ನಡೆದು ಹೋಗಿ, ಎಲೆ ಕಿತ್ತು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಒಳಗೆ ಗುರುತು ಬರೆದು ಹತ್ತು ಪೊಟ್ಟಣ ತಂದರು. ಮೈಲಾರವ್ವ ಕಣ್ಣು ಮುಚ್ಚಿ ಕೂತಳು. ಒಂದೊಂದೇ ಎಲೆಯನ್ನು ಅವಳ ಕೈಗೆ ಕೊಟ್ಟರು. ಒಂಬತ್ತನ್ನೂ ಸರಿಯಾಗಿ ಹೇಳಿದಳು. ಹತ್ತನೆಯದನ್ನು ಮೂಸಿದವಳೇ ಮುಖ ಗಂಟಿಕ್ಕಿದಳು.

“ಇದು ನಮ್ದಲ್ರೀ ಸಾಹೇಬ್ರ. ಭೀಮಶಿ ಹಿತ್ತಲದಾಗಿಂದು ಕಿತ್ಗೊಂಡ್ ಬಂದೀರಿ.”

ಪಕ್ಕದ ಮನೆಯ ಭೀಮಶಿಯ ಹಿತ್ತಲಲ್ಲಿ ಒಂದು ಮಾವಿನ ಮರವಿದೆ. ತಪಾಸಕರು ಪರೀಕ್ಷೆಗೆಂದು ಬೇಕಂತಲೇ ಅದರ ಎಲೆಯೊಂದನ್ನು ಸೇರಿಸಿದ್ದರು. ಅವರು ಎದ್ದು ನಿಂತು ಕೈ ಮುಗಿದರು. ಆಮೇಲೆ ಪೆನ್ನು ತೆಗೆದು ಫಾರಮ್ಮಿನ ಮನೆಗಳನ್ನು ಒಂದೊಂದಾಗಿ ಓದಿದರು. “ಖರೇ ಐತ್ರಿ, ನಾ ಕಣ್ಣಾರೆ ನೋಡೇನಿ. ಆದ್ರ ಏನಂತ ಬರೀಲಿ? ಮೂಸಿ ಹೇಳಿದ್ರು ಅಂತ ಬರಿಯಾಕ ಕಾಲಂ ಇಲ್ರಿ” ಅಂದರು.

ಕಾಲಂ ಇಲ್ಲದ್ದರಿಂದ ಮೈಲಾರವ್ವನ ಮೂಗೂ ಇಲ್ಲವಾಯಿತು. ಕಸಿ ಕಟ್ಟಿದ ದಿನದಿಂದ ಎಡೆಬಿಡದೆ ಗುರುತಿನ ಚೀಟಿ ಇರಬೇಕಿತ್ತು, ನಡುವೆ ಎರಡು ತಿಂಗಳು ಇರಲಿಲ್ಲ ಎಂದು ತಾವು ಷರಾ ಬರೆದಿರಿ. ಆ ಎರಡು ತಿಂಗಳು ಗಿಡಗಳು ಬರಿಗೊರಳಲ್ಲಿ ನಿಂತದ್ದು ಯಾರ ಮಾತು ಕೇಳಿ ಎಂಬ ಪ್ರಶ್ನೆಗೂ ಬಹುಶಃ ಕಾಲಂ ಇರಲಿಕ್ಕಿಲ್ಲ.

ನಿಯಮವೇ ಬೇಡ ಎನ್ನುವವಳು ನಾನಲ್ಲ. ಗಿಡದ ಜೊತೆ ರೋಗವೂ ಬಸ್ಸು ಹತ್ತುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಮೂರು ವರ್ಷದ ಹಿಂದೆ ಇದೇ ಭೀಮಶಿ ಎಲ್ಲಿಂದಲೋ ನೂರು ಪೇರಲ ಗಿಡ ತರಿಸಿದ. ಗಿಡಕ್ಕೊಂದು ಬಣ್ಣದ ಲೇಬಲ್, ಲಾರಿಗೊಂದು ಆರೋಗ್ಯ ಪ್ರಮಾಣಪತ್ರ, ಅದರ ಮೇಲೆ ದುಂಡನೆಯ ಮೊಹರು. ಎಂಟು ತಿಂಗಳಲ್ಲಿ ಗಿಡಗಳು ಹಳದಿಯಾಗಿ ಬಾಡಿದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು, ಗಂಟಿನ ತುಂಬ ಹುಳ. ಇವತ್ತಿಗೂ ಆ ಹೊಲದಲ್ಲಿ ಪೇರಲ ಏಳುವುದಿಲ್ಲ. ಪ್ರಮಾಣಪತ್ರ ಕೊಟ್ಟವರು ಚೀಲ ಬಿಚ್ಚಿ ಒಂದು ಗಿಡದ ಬೇರನ್ನಾದರೂ ನೋಡಿದ್ದರೇ? ನಮ್ಮಲ್ಲಿಗೆ ಎರಡು ಸಲ ಬಂದವರೂ ರೋಗ ಹುಡುಕಲು ಒಂದು ಎಲೆಯನ್ನು ತಿರುವಿ ನೋಡಲಿಲ್ಲ, ಒಂದು ಬೇರನ್ನು ಮುಟ್ಟಲಿಲ್ಲ. ಗಿಡದ ಆರೋಗ್ಯವನ್ನು ಕಾಗದದಲ್ಲಿ ಹುಡುಕುವುದಾದರೆ ತಪಾಸಕರನ್ನು ಇಷ್ಟು ದೂರ ಬಿಸಿಲಲ್ಲಿ ಅಲೆಸುವುದೇಕೆ? ಲೇಬಲ್ಲನ್ನೇ ಅಂಚೆಯಲ್ಲಿ ತರಿಸಿಕೊಂಡು ಅದಕ್ಕೇ ಔಷಧ ಸಿಂಪಡಿಸಬಹುದಲ್ಲ?

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಏಪ್ರಿಲ್ ಕೊನೆಯ ಗಾಳಿಮಳೆಗೆ ಬಾವಿಕಟ್ಟಿಯ ಮರ ಬುಡಸಮೇತ ಮಗುಚಿ ಬಿತ್ತು. ಆ ಮರದ ವಯಸ್ಸು ಊರಲ್ಲಿ ಯಾರಿಗೂ ಗೊತ್ತಿಲ್ಲ. ಅದರ ಹಣ್ಣಿನ ಸೀಕರಣಿಗೆ ಬೆಲ್ಲ ಬೇಕಿರಲಿಲ್ಲ. ಅಂಥ ಮರ ಅದೊಂದೇ ಇತ್ತು. ಹೋದ ಮಳೆಗಾಲದಲ್ಲಿ ಮೈಲಾರವ್ವ ಅದರಿಂದ ಐವತ್ತು ಕಸಿ ಕಟ್ಟಿದ್ದಳು, ಮೂವತ್ತೆಂಟು ಹತ್ತಿದ್ದವು. ತಾವು ಸುಡಲು ಹೇಳಿದ ಏಳುನೂರಾ ನಲವತ್ತರಲ್ಲಿ ಆ ಮೂವತ್ತೆಂಟೂ ಇದ್ದವು. ಮಿಕ್ಕ ಮೂರು ಮರಗಳು ನಿಂತಿವೆ, ಅವುಗಳಿಂದ ಮತ್ತೆ ಕಸಿ ಕಟ್ಟಬಹುದು. ಬಾವಿಕಟ್ಟಿಯದನ್ನು ಎಲ್ಲಿಂದ ಕಟ್ಟುವುದು? ಮರ ಬಿದ್ದ ಸುದ್ದಿಯನ್ನು ಕೂಡಲೇ ತಮಗೆ ಬರೆದು ತಿಳಿಸಿದೆ. ‘ತಾಯಿಮರವನ್ನು ಪುನಃ ಪರಿಶೀಲನೆಗೆ ಹಾಜರುಪಡಿಸತಕ್ಕದ್ದು’ ಎಂದು ಉತ್ತರ ಬಂತು. ಆ ಕಾಗದ ಓದಿ ನಾನು ನಕ್ಕೆ, ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಸುಡುವ ನೋಟಿಸು ಬಂದದ್ದು ಪಂಚಮಿ ಹಬ್ಬದ ವಾರ. ಮೈಲಾರವ್ವನಿಗೆ ಪೂರಾ ಓದಿ ಹೇಳಿದೆ.

“ಸುಡಾಕ ನನಗ ಹೇಳ್ಯಾರೇನ್ರಿ?” ಅಂದಳು.

“ಹೌದು. ಸುಟ್ಟ ಮ್ಯಾಲೆ ಹೆಬ್ಬಟ್ಟು ಒತ್ತಬೇಕಂತ.”

“ನಾ ಒತ್ತಂಗಿಲ್ರಿ” ಎಂದು ಎದ್ದು ಹೋದಳು. ಸಂಜೆಯೊಳಗೆ ಎಲ್ಲ ಸಾಲುಗಳನ್ನೂ ಮತ್ತೊಮ್ಮೆ ಮೂಸಿ ಮೂವತ್ತೆಂಟು ಗಿಡಗಳನ್ನು ಬೇರೆ ತೆಗೆದಿಟ್ಟಿದ್ದಳು. ನನ್ನ ಲೇಬಲ್ಲಿಗೂ ಅವಳ ಮೂಗಿಗೂ ಒಂದು ಗಿಡದಲ್ಲೂ ವ್ಯತ್ಯಾಸ ಬರಲಿಲ್ಲ.

ಯರಗುಪ್ಪಿಗೆ ಕೊಟ್ಟ ಅವಳ ಮಗಳು ಸೀಮಾ ಹಬ್ಬಕ್ಕೆ ಬಂದಿದ್ದಳು. ತವರಿಗೆ ಬಂದ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ ಎಂಬುದು ತಮಗೂ ಗೊತ್ತಿರಬೇಕು, ತಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿರಬಹುದು. ಹೊರಡುವ ದಿನ ಮೈಲಾರವ್ವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿದಳು. ಅದರ ಮೇಲೆ ಬಾವಿಕಟ್ಟಿಯ ಒಂದು ಗಿಡ ಇಟ್ಟಳು. ನನ್ನ ಹಳೆಯ ನೌಕರಿ ಬಾಯಿಗೆ ಬಂತು. “ಮೈಲಾರವ್ವಾ, ಇದು ಸಾಗಾಟ ಆಗ್ತೈತಿ. ಕಾಗದ ಇಲ್ಲದ ಗಿಡ ಹೊರಗ ಹೋದ್ರ ಕೇಸ್ ಹಾಕ್ತಾರ” ಅಂದೆ.

“ಮಗಳ ಉಡಿ ತುಂಬಾಕ ಯಾರ ಕಾಗದ ಬೇಕ್ರಿ ಅಕ್ಕಾರ?”

ಮನೆಗೆ ಹೋಗಿ ತಮ್ಮ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಮಾರಾಟ, ವಿನಿಮಯ, ದಾಸ್ತಾನು, ಸಾಗಾಟ ಎಲ್ಲ ಇವೆ. ಉಡಿ ಇಲ್ಲ. ಮರುದಿನದಿಂದ ನಾನೇ ಗಿಡ ಹೊತ್ತು, ಮಗಳು ಹಬ್ಬಕ್ಕೆ ಬಂದ ಮನೆಗಳನ್ನು ಹುಡುಕಿಕೊಂಡು ಓಣಿ ಓಣಿ ತಿರುಗಿದೆ. ವಿಷಯ ಕೇಳಿದ ನಾಜಮೀನ್, “ನಮ್ಮ ರಜಿಯಾಬಿಗೂ ಒಂದ್ ಕೊಡ್ರಿ, ಅಕಿನೂ ಈ ಊರ ಹಣ್ಣ ತಿಂದಾಕಿ” ಎಂದು ಅಣ್ಣಿಗೇರಿಯ ತಂಗಿಗಾಗಿ ಒಂದು ಒಯ್ದಳು. ಕುಂದಗೋಳಕ್ಕೆ ಹೋದವು, ನವಲಗುಂದಕ್ಕೆ ಹೋದವು, ಹುಬ್ಬಳ್ಳಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂತು ಹೋದವು. ಐದನೆಯ ದಿನ ಮೂವತ್ತೆಂಟೂ ಖಾಲಿಯಾದವು. ಎಲ್ಲಕ್ಕೂ ಬೇರು ನೋಡಿ, ಎಲೆ ತಿರುವಿ ನೋಡಿಯೇ ಕೊಟ್ಟಿದ್ದೇವೆ. ಈ ಜನ್ಮದಲ್ಲಿ ನಾನು ಮಾಡಿದ ಮೊದಲ ಕಾನೂನುಬಾಹಿರ ಕೆಲಸ ಇದು. ಭಯವಾಗುತ್ತದೆ ಎಂದು ಹೇಳಲು ಸಂಕೋಚವಿಲ್ಲ, ಪಶ್ಚಾತ್ತಾಪವಾಗುತ್ತದೆ ಎಂದು ಮಾತ್ರ ಹೇಳಲಾರೆ.

ಆದ್ದರಿಂದ ತಮ್ಮವರು ಪಂಚನಾಮೆಗೆ ಬಂದಾಗ ಏಳುನೂರಾ ಎರಡು ಗಿಡಗಳಷ್ಟೇ ಸಿಗುತ್ತವೆ. ಅವುಗಳ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಸಂಶಯವಿದ್ದರೆ ರೋಗ ಬಲ್ಲವರನ್ನು ಕಳಿಸಿ, ಬೇರು ಬಿಡಿಸಿ ನೋಡಲಿ, ರೋಗ ಕಂಡ ಗಿಡವನ್ನು ನಾವೇ ಸುಡುತ್ತೇವೆ. ಮೈಲಾರವ್ವ ಹೇಳಿದ್ದನ್ನು ಬರೆದುಕೊಳ್ಳಲು ತಮ್ಮ ಫಾರಮ್ಮಿನಲ್ಲಿ ಒಂದು ಕಾಲಂ ಮಾಡಿಸಿ, ಒಂದೇ ಗೆರೆ ಸಾಕು.

ಮೂವತ್ತೆಂಟು ಗಿಡಗಳ ವಿಳಾಸ ನನ್ನ ಬಳಿ ಇದೆ, ಮುಚ್ಚಿಡುವುದಿಲ್ಲ. ಮೊದಲನೆಯ ಮನೆ ಯರಗುಪ್ಪಿಯದು. ಸೀಮಾ ಹೊಲದ ಬದುವಿನಲ್ಲಿ ಗಿಡ ಹಚ್ಚಿ, ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದ್ದಾಳಂತೆ. ಸಿಪಾಯಿಯನ್ನೋ ತಪಾಸಕರನ್ನೋ ಕಳಿಸಬೇಡಿ, ತಾವೇ ಹೋಗಿ. ಅವಳ ಅತ್ತೆ, ಮಾವ, ಓಣಿಯ ಜನ ನೋಡುತ್ತಿರುವಾಗ ಆ ಮನೆಯ ಹೊಸ್ತಿಲ ಮುಂದೆ ನಿಂತು, ‘ನಿನ್ನ ತಾಯಿ ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೊಡು’ ಎಂದು ಅವಳನ್ನು ಕೇಳಿ.

ಇಂತಿ,
ಪತ್ತೆಯಾಗುವ ಮುನ್ನವೇ ಒಪ್ಪಿಕೊಂಡವಳು,
ಅನ್ನಪೂರ್ಣಾ, ತಂಬೂರ
(ಸಾಗಿಸಿದ ಗಿಡ: ಮೂವತ್ತೆಂಟು. ಸಾಗಾಟ ಪತ್ರ: ಇಲ್ಲ.)